'ನಾಟ್' ಕಲಿಸಲಿಕ್ಕೆ ಕನ್ನಡ ಬೇಡವಂತೆ!

ಕಾಸರಗೋಡಿನ ಯಾವುದೇ ಕನ್ನಡ ಮಾಧ್ಯಮ ಶಾಲೆಯ ಪಿಟಿಎ ಮೀಟಿಂಗಿಗೆ ಹೋಗಿ ನೋಡಿ, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಮಾಷ್ಟ್ರೇ, ನಮ್ಮ ಮಗುವಿಗೆ ಇಂಗ್ಲಿಷಿನಲ್ಲಿ 'ಗೊತ್ತಿಲ್ಲ' ಅಂತ ಹೇಳಲಿಕ್ಕೂ ಗೊತ್ತಿಲ್ಲವಲ್ಲ!"

ಹೌದು. ಮಕ್ಕಳು 'ಐ ಆಮ್ ನಾಟ್ ನೋ' ಅನ್ನುತ್ತಾರೆ. 'ಹಿ ಡಿಡಂಟ್ ವೆಂಟ್' ಅನ್ನುತ್ತಾರೆ. 'ನೋಬಡಿ ಡಿಡಂಟ್ ಕಮ್' ಅಂತ ಬರೆಯುತ್ತಾರೆ. ಇದಕ್ಕೆಲ್ಲ ಕನ್ನಡ ಮಾಧ್ಯಮವೇ ಕಾರಣ ಅಂತ ತೀರ್ಪು ಕೊಟ್ಟು, ಜೂನ್ ತಿಂಗಳಲ್ಲಿ ಟಿ.ಸಿ. ತೆಗೆದುಕೊಂಡು ಮಗುವನ್ನು ಇಂಗ್ಲಿಷ್ ಮೀಡಿಯಂ ಬಸ್ಸಿಗೆ ಹತ್ತಿಸುತ್ತಾರೆ. ನಮ್ಮವರೇ ಆದ ಕೆಲವು ಅಧ್ಯಾಪಕರು ಇನ್ನೂ ಮುಂದೆ ಹೋಗಿ, "ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡದ ಒಂದಕ್ಷರವೂ ಬೇಡ" ಎಂದು ನಿಯಮ ಮಾಡುತ್ತಾರೆ.

ನಾನು ಹೇಳುವುದು ಇದರ ಉಲ್ಟಾ. ಇಂಗ್ಲಿಷಿನ ನಿಷೇಧ ವಾಕ್ಯ ಕಲಿಸಲಿಕ್ಕೆ ನಮ್ಮ ಮಕ್ಕಳ ಕೈಯಲ್ಲಿರುವ ಅತಿ ಒಳ್ಳೆಯ ಸಾಧನ ಕನ್ನಡವೇ. ಅದನ್ನು ಕಿತ್ತುಕೊಂಡು, ಆಮೇಲೆ ಮಗು ಎಡವಿತು ಅಂತ ದೂರುವುದು ಯಾವ ನ್ಯಾಯ?

'ಡಿಡಂಟ್ ವೆಂಟ್' ತಪ್ಪನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಮನೆಮಾತಾಗಿರುವ ಪುಟ್ಟ ಮಕ್ಕಳೂ ಮಾತು ಕಲಿಯುವಾಗ ಇಂಥ ತಪ್ಪು ಮಾಡುತ್ತಾರೆ. ಅವರಿಗೆ ಯಾವ ಕನ್ನಡ ಮಾಧ್ಯಮದ ದೋಷ ತಗಲಿತ್ತು? ಇನ್ನು ನಮ್ಮ ಭಾಷೆಯನ್ನು ನೋಡಿ. 'ಹೋದನು' ಎಂಬುದನ್ನು ನಿಷೇಧ ಮಾಡುವಾಗ ಯಾವ ಮಗುವಾದರೂ 'ಹೋದನು ಇಲ್ಲ' ಅನ್ನುತ್ತದೆಯೇ? 'ಹೋಗಲಿಲ್ಲ' ಅನ್ನುತ್ತದೆ. 'ಹೋದ' ಎಂಬ ಭೂತಕಾಲದ ರೂಪ ಮಾಯವಾಗಿ 'ಹೋಗಲ್' ಬಂತು. ಇಂಗ್ಲಿಷಿನಲ್ಲೂ ಹಾಗೆಯೇ, 'ವೆಂಟ್' ಹೋಗಿ 'ಗೋ' ಬರುತ್ತದೆ. ಭೂತಕಾಲವನ್ನು 'ಡಿಡ್' ಹೊತ್ತುಕೊಂಡಿದೆ, ಕ್ರಿಯಾಪದ ಮತ್ತೆ ಹೊರಬೇಕಾಗಿಲ್ಲ. ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಲಿಕ್ಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ!

'ಐ ಆಮ್ ನಾಟ್ ನೋ' ಯಾಕೆ ಬರುತ್ತದೆ? ಮೊದಲ ಪಾಠದಲ್ಲೇ 'ಐ ಆಮ್' ಬಾಯಿಪಾಠ ಮಾಡಿಸಿದ್ದೇವೆ, ಮಗು ಎಲ್ಲದಕ್ಕೂ ಅದನ್ನೇ ಅಂಟಿಸುತ್ತದೆ. ಇಲ್ಲಿ ನಮ್ಮ 'ಅಲ್ಲ' ಮತ್ತು 'ಇಲ್ಲ' ಕೆಲಸಕ್ಕೆ ಬರುತ್ತವೆ. 'ಅವನು ಡಾಕ್ಟರ್ ಅಲ್ಲ' ಎಂಬಲ್ಲಿ 'ಈಸ್ ನಾಟ್'. 'ಇಲ್ಲ' ಬಂದರೆ ಅದರ ಹಿಂದಿನ ಪದವನ್ನು ನೋಡಬೇಕು. 'ಮನೆಯಲ್ಲಿಲ್ಲ' ಎಂದರೆ 'ಈಸ್ ನಾಟ್'. 'ತಿನ್ನುತ್ತಿಲ್ಲ' ಎಂದರೆ 'ಈಸ್ ನಾಟ್ ಈಟಿಂಗ್'. 'ತಿನ್ನುವುದಿಲ್ಲ' ಎಂದರೆ 'ಡಸಂಟ್ ಈಟ್', ಮುಂದಿನ ಮಾತಾದರೆ 'ವೋಂಟ್ ಈಟ್'. 'ತಿನ್ನಲಿಲ್ಲ' ಎಂದರೆ 'ಡಿಡಂಟ್ ಈಟ್'. 'ತಿಂದಿಲ್ಲ' ಎಂದರೆ 'ಹ್ಯಾಸಂಟ್ ಈಟನ್'. ಈ ಭೇದವೆಲ್ಲ ಒಂದನೇ ಕ್ಲಾಸಿಗೆ ಬರುವ ಮೊದಲೇ ಮಗುವಿಗೆ ಗೊತ್ತು! ಮನೆಯಲ್ಲಿ ತುಳು ಮಾತಾಡುವ ಮಗುವಿಗೆ 'ಅತ್ತ್' ಮತ್ತು 'ಇಜ್ಜಿ' ಗೊತ್ತು. ಮಲಯಾಳದಲ್ಲೂ 'ಅಲ್ಲ', 'ಇಲ್ಲ' ಬೇರೆ ಬೇರೆ.

ಕನ್ನಡದ ಅಭ್ಯಾಸದಿಂದಲೇ ಬರುವ ತಪ್ಪುಗಳೂ ಇವೆ, ಇಲ್ಲವೆನ್ನುವುದಿಲ್ಲ. 'ಯಾರೂ ಬರಲಿಲ್ಲ' ಎಂಬಲ್ಲಿ ನಮ್ಮ ನಿಷೇಧ ಕ್ರಿಯಾಪದದಲ್ಲಿದೆ. ಇಂಗ್ಲಿಷಿನಲ್ಲಿ ಅದು 'ನೋಬಡಿ'ಯ ಒಳಗೇ ಕೂತಿದೆ, ಆದ್ದರಿಂದ 'ನೋಬಡಿ ಕೇಮ್'. "ಪುಸ್ತಕ ತಂದಿಲ್ಲವಾ?" ಅಂತ ಕೇಳಿದರೆ ನಾವು "ಹೌದು, ತಂದಿಲ್ಲ" ಅನ್ನಬಹುದು, ಕೇಳಿದವರ ಮಾತು ಸರಿ ಎಂಬ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ತಂದಿಲ್ಲವಾದರೆ 'ನೋ' ಅಂತಲೇ ಹೇಳಬೇಕು. 'ಯೆಸ್' ಅಂದರೆ ತಂದಿದ್ದೇನೆ ಎಂದಾಗುತ್ತದೆ. ಮುಂದೆ ಕೆಲಸದ ಇಂಟರ್‌ವ್ಯೂನಲ್ಲಿ ಈ ಒಂದು 'ಯೆಸ್' ಸಾಕು, ಅರ್ಥ ತಲೆಕೆಳಗಾಗಲಿಕ್ಕೆ. ಹಾಗೆಯೇ 'ಬರಬೇಕೆಂದಿಲ್ಲ' ಎನ್ನಲು 'ನೀಡ್ ನಾಟ್ ಕಮ್', 'ಬರಬಾರದು' ಎನ್ನಲು 'ಮಸ್ಟ್ ನಾಟ್ ಕಮ್'. ಇದು ಅದಲುಬದಲಾದರೆ ಕರೆದವರನ್ನೇ ಬರಬೇಡಿ ಅಂದ ಹಾಗಾಗುತ್ತದೆ. ಇಂಥ ತಪ್ಪನ್ನು ಎರಡೂ ಭಾಷೆ ಎದುರಿಟ್ಟು ತೋರಿಸದೆ ಬೇರೆ ಹೇಗೆ ತಿದ್ದುತ್ತೀರಿ? ಬರೇ ಕೆಂಪು ಗೆರೆ ಎಳೆದರೆ ಮಗುವಿಗೆ ಏನು ತಿಳಿಯುತ್ತದೆ?

ಆದ್ದರಿಂದಲೇ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ನಮ್ಮ ಜಿಲ್ಲೆಯ ಮಕ್ಕಳೂ ಹೆತ್ತವರೂ ಮತ್ತೆ ಮತ್ತೆ ಪ್ರತಿಭಟಿಸಿದ್ದು. ಅದನ್ನು ಬರೇ ಭಾಷಾಭಿಮಾನದ ಗಲಾಟೆ ಎಂದವರಿದ್ದಾರೆ. ಅಲ್ಲ ಸ್ವಾಮೀ, ಅದು ಕಲಿಕೆಯ ಪ್ರಶ್ನೆ. 'ಹೋಗಲಿಲ್ಲ' ಮತ್ತು 'ಹೋಗಿಲ್ಲ' ಇವುಗಳ ವ್ಯತ್ಯಾಸ ಗೊತ್ತಿಲ್ಲದವರು ನಮ್ಮ ಮಗು ಎಲ್ಲಿ ಎಡವಿತು ಅಂತ ಹೇಗೆ ಹೇಳಿಯಾರು? ಮಗುವಿನ ಬಹುಭಾಷಿಕತೆ ತರಗತಿಗೆ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಟ್ರೈನಿಂಗಿನಲ್ಲಿ ಅದನ್ನು ಓದಿ ಬಂದು ಶಾಲೆಯಲ್ಲಿ ಕನ್ನಡಕ್ಕೆ ಬಾಗಿಲು ಹಾಕುವುದು ಯಾವ ಸೀಮೆಯ ಪಾಠಕ್ರಮ?

ಇಡೀ ಪೀರಿಯಡ್ ಕನ್ನಡದಲ್ಲೇ ಹರಟಿ, ಇಂಗ್ಲಿಷ್ ಪಾಠವನ್ನು ಅನುವಾದ ಮಾಡಿ ಮುಗಿಸಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮಗುವಿನ ಬಾಯಿಗೆ ಇಂಗ್ಲಿಷ್ ಬರಲಿಕ್ಕಿಲ್ಲ. ಎರಡು ನಿಮಿಷ ಕನ್ನಡದ ಪಕ್ಕದಲ್ಲಿಟ್ಟು ತೋರಿಸಿ, ಉಳಿದ ಸಮಯವೆಲ್ಲ ಇಂಗ್ಲಿಷಿನಲ್ಲೇ ಮಾತಾಡಿಸಿ. ನಿಮ್ಮ ಹತ್ತಿರ ಪೆನ್ಸಿಲ್ ಇಲ್ಲವಾ, ನಿನ್ನೆ ಮಳೆ ಬರಲಿಲ್ಲವಾ ಅಂತ ದಿನವೂ ಕೇಳಿ, ಉತ್ತರ ಹೇಳಿಸಿ.

ಹೆತ್ತವರಲ್ಲಿ ಒಂದು ಮಾತು. ಟಿ.ಸಿ. ಕೇಳುವ ಮೊದಲು, ಶಾಲೆಯಲ್ಲಿ ಇಂಗ್ಲಿಷನ್ನು ಹೇಗೆ ಕಲಿಸುತ್ತಿದ್ದೀರಿ ಅಂತ ನಮ್ಮನ್ನು ಕೇಳಿ. ಗದರಿಸಿಯೇ ಕೇಳಿ, ಬೇಸರವಿಲ್ಲ. ಅಧ್ಯಾಪಕ ಮಿತ್ರರೇ, ಮೇಲಿನ ವಾಕ್ಯಗಳನ್ನು ನಾಳೆಯೇ ಬೋರ್ಡಿನಲ್ಲಿ ಬರೆದು ನೋಡಿ. ಒಂದು ತಿಂಗಳು ಮಾಡಿಯೂ ಪ್ರಯೋಜನ ಕಾಣದಿದ್ದರೆ ಜಗಳಕ್ಕೆ ಬನ್ನಿ, ನಾನು ಇಲ್ಲೇ ಇದ್ದೇನೆ.