ತಂತಿ ಯಾರ ಹೊಲದ ಮೇಲೆ?



1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. 92 ಮೈಲಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಹೆಮ್ಮೆಪಡುವವರು ಪಡಲಿ. ಆದರೆ ಆ ಕರೆಂಟು ಹೊರಟದ್ದು ದೀಪಕ್ಕಲ್ಲ, ಚಿನ್ನಕ್ಕೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ. ಗಣಿಯ ಆಳಕ್ಕೆ ಇಳಿದವರಲ್ಲಿ ಬಹಳ ಮಂದಿ ತಮಿಳು ಸೀಮೆಯಿಂದ ಬಂದ ದಲಿತರು. ದಾರಿಯುದ್ದಕ್ಕೂ ತಂತಿಯ ಕೆಳಗಿದ್ದ ಹಳ್ಳಿಗಳು ಬುಡ್ಡಿದೀಪದಲ್ಲೇ ಉಳಿದವು.

ಯಾಕೆ ಉಳಿದವು? ನಾವು ಕಲಾ ವಿಭಾಗದವರು, ಆದರೂ ಈ ಲೆಕ್ಕ ಕೇಳಿ ಕಲಿತೆವು. ಕರೆಂಟು ಹರಿದಾಗ ತಂತಿ ಕಾಯುತ್ತದೆ, ಅಷ್ಟೂ ನಷ್ಟ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿ ಸಾಗಿಸಲು ಕರೆಂಟು ಹತ್ತರಲ್ಲೊಂದು ಪಾಲು ಸಾಕು. ಅದೇ ತಂತಿಯಲ್ಲಿ ನಷ್ಟ ನೂರರಲ್ಲೊಂದು ಪಾಲು. ಅದಕ್ಕೇ ಆ ಲೈನಿಗೆ ಸುಮಾರು 35,000 ವೋಲ್ಟು. ಅದನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಗುಡಿಸಲಲ್ಲಿ ಬಲ್ಬು ಹೊತ್ತೋದಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಯಾರ ಬಾಗಿಲಲ್ಲಿ ಕೂರಬೇಕು ಅನ್ನೋದನ್ನ ವಿಜ್ಞಾನ ತೀರ್ಮಾನಿಸಲಿಲ್ಲ. ದುಡ್ಡು ತೀರ್ಮಾನಿಸಿತು.

ನೂರಿಪ್ಪತ್ತು ವರ್ಷ ದಾಟಿತು. ಈಗ ಹೊಲಗಳ ಮೇಲೆ 220, 400 ಕಿಲೋವೋಲ್ಟಿನ ಲೈನುಗಳು ಹಾಯುತ್ತಿವೆ. ಗೂಟ ಹೊಡೆಯಲು ಬಂದವರನ್ನು ಕೇಳಿದರೆ 'ಇದು ಟೆಕ್ನಿಕಲ್ಲು, ನಿಮಗೆ ತಿಳಿಯಲ್ಲ' ಅನ್ನುತ್ತಾರೆ. ತಿಳಿಯದ್ದೇನಿದೆ?

ಎರಡು ಟವರ್ ನಡುವೆ ತಂತಿ ಜೋಲುತ್ತದೆ. ಕಾಯ್ದರೆ ಹಿಗ್ಗಿ ಇನ್ನಷ್ಟು ಜೋಲುತ್ತದೆ. ಹಾಗಂತ ತೀರಾ ಬಿಗಿದು ಕಟ್ಟಿದರೆ ಚಳಿಗೆ ಕುಗ್ಗಿ, ಗಾಳಿಗೆ ಸಿಕ್ಕಿ ಹರಿಯುವ ಭಯ. ಆದ್ದರಿಂದ ಎಷ್ಟೇ ಜೋತರೂ 220 ಕಿಲೋವೋಲ್ಟಿನ ತಂತಿ ನೆಲದಿಂದ ಸುಮಾರು 7 ಮೀಟರ್, 400ರದ್ದು ಸುಮಾರು 8.8 ಮೀಟರ್ ಮೇಲಿರಬೇಕು. ಓಲಾಡಿದರೂ ಯಾವುದಕ್ಕೂ ತಾಗದಂತೆ ಒಂದಕ್ಕೆ 35, ಇನ್ನೊಂದಕ್ಕೆ 46 ಮೀಟರ್ ಅಗಲದ ಪಟ್ಟಿ. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ತೆಂಗು ಬೆಳೆಸುವಂತಿಲ್ಲ. 46 ಮೀಟರಿನ ಪಟ್ಟಿ ನೂರು ಮೀಟರ್ ಉದ್ದಕ್ಕೆ ಹಾದರೆ ಒಂದೆಕರೆಗೂ ಮೇಲಾಯಿತು. ಎರಡೆಕರೆಯವನಿಗೆ ಉಳಿಯೋದೇನು?

ಲೈನು ನೇರ ಹೋದರೆ ಟವರ್ ಹಗುರ. ತಿರುಗುವ ಕಡೆ ತಂತಿಗಳೆಲ್ಲ ಟವರನ್ನು ಒಂದೇ ಬದಿಗೆ ಜಗ್ಗುತ್ತವೆ. ಅಲ್ಲಿ ಭಾರದ ಟವರ್, ದೊಡ್ಡ ಪಾಯ, ಹೆಚ್ಚು ಖರ್ಚು. ಆದರೂ ವಿಮಾನ ನಿಲ್ದಾಣ ಬಂದರೆ ತಿರುಗುತ್ತದೆ, ಅಭಯಾರಣ್ಯ ಬಂದರೆ ತಿರುಗುತ್ತದೆ. ಹೇಗೆ ತಿರುಗಿಸಬೇಕು ಅನ್ನೋದು ಎಂಜಿನಿಯರ ಲೆಕ್ಕ. ಯಾರಿಗಾಗಿ ತಿರುಗಿಸಬೇಕು ಅನ್ನೋದು ರಾಜಕೀಯ.

ಲೈನಿಗಾಗಿ ಭೂಮಿಯನ್ನು ಕೊಳ್ಳುವುದಿಲ್ಲ. ಒಡೆತನ ನಿಮ್ಮದೇ, ಹಕ್ಕು ಮಾತ್ರ ಲೈನಿನದು. ಕೇಂದ್ರದ 2015ರ ಮಾರ್ಗಸೂಚಿ ಟವರಿನ ಜಾಗಕ್ಕೆ ನೆಲದ ಬೆಲೆಯ ಶೇಕಡ 85, ಪಟ್ಟಿಗೆ ಹೆಚ್ಚೆಂದರೆ ಶೇಕಡ 15 ಅಂದಿತ್ತು. 2024ರದು ಅದನ್ನು 200ಕ್ಕೂ 30ಕ್ಕೂ ಏರಿಸಿತು. ಏರಿದ್ದು ಒಳ್ಳೇದೇ. ಆದರೆ ನೆಲದ ಬೆಲೆ ಸಿಗೋದು ಪಹಣಿಯಲ್ಲಿ ಹೆಸರಿದ್ದವನಿಗೆ. ಬಗರ್‌ಹುಕುಂ ಉತ್ತು ಹಕ್ಕುಪತ್ರಕ್ಕೆ ಕಾದವನಿಗೆ? ಆ ಹೊಲದ ಕೂಲಿಯನ್ನೇ ನಂಬಿದ ಅವ್ವನಿಗೆ?

ಕರೆಂಟು ಬೇಡ ಅನ್ನುವವರಲ್ಲ ನಾವು. ನೀವು ಓದುವ ಹಾಸ್ಟೆಲಿನ ದೀಪವೂ ಇಂಥದೇ ಲೈನಿನಿಂದ ಉರಿಯುತ್ತದೆ. ನಾವು ಕೇಳುವುದು ಲೆಕ್ಕ. ವಿಜ್ಞಾನ ಓದುವ ತಮ್ಮಂದಿರೇ, ತಂಗಿಯರೇ, ರಜಕ್ಕೆ ಊರಿಗೆ ಹೋದಾಗ ಗೂಟ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಎಷ್ಟು ಕಿಲೋವೋಲ್ಟು, ಪಟ್ಟಿ ಎಷ್ಟಗಲ, ಬೇರೆ ಯಾವ ದಾರಿ ನೋಡಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಕೇಳಿ. ಬಾಯಲ್ಲಿ ಹೇಳದಿದ್ದರೆ 2005ರ ಮಾಹಿತಿ ಹಕ್ಕಿನಡಿ ಬರೆದು ಕೇಳಿ. ಬಂದ ಉತ್ತರವನ್ನು ಕೇರಿಯ ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿ. ತಂತಿ ಎಳೆಯುವ ಮೊದಲೇ ಈ ಕೆಲಸ ಆಗಬೇಕು.