ಗಂಟೆ ಬಾರಿಸಿದಾಗ ಎದ್ದವರು ಯಾರು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಮಕ್ಕಳಿಗೆ ನಾವೆಲ್ಲ ಹೇಳುತ್ತೇವೆ. ಬಾವಿ ಮೊದಲೇ ಇದ್ದು, ಬೆಂಕಿ ಬಿದ್ದಿದೆ ಎಂದು ಒಬ್ಬರು ಕೂಗಿ ಹೇಳುತ್ತಿದ್ದರೂ ಕುಳಿತಲ್ಲಿಂದ ಏಳದವರಿಗೆ ಏನೆನ್ನಬೇಕು? ಅದಕ್ಕೆ ನನಗೆ ಗಾದೆ ಸಿಕ್ಕಿಲ್ಲ. ಆದರೆ ಅಂಥವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ವಾರದ ಪಾಠವನ್ನು ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆ. ಶಾಲೆಯ ಕಟ್ಟಡದಲ್ಲಿ ದುರಸ್ತಿ ನಡೆಯುತ್ತಿದ್ದುದರಿಂದ ಒಂದು ವಾಣಿಜ್ಯ ಸಂಕೀರ್ಣದ ಮೂರನೆಯ ಮಹಡಿಯ ಹಾಲನ್ನು ಬಾಡಿಗೆಗೆ ಹಿಡಿದಿದ್ದೆವು. ಅಂದು ವಿಜ್ಞಾನ ಪತ್ರಿಕೆ, ಮೇಲ್ವಿಚಾರಣೆ ನನ್ನದು. ಇನ್ನರ್ಧ ಗಂಟೆ ಉಳಿದಿರುವಾಗ ಗೋಡೆಯ ಮೇಲಿನ ಕೆಂಪು ಪೆಟ್ಟಿಗೆ ಇದ್ದಕ್ಕಿದ್ದಂತೆ ಕಿವಿ ತೂತಾಗುವಂತೆ ಕೂಗತೊಡಗಿತು. ನಲವತ್ತು ತಲೆಗಳು ಒಮ್ಮೆಗೇ ಮೇಲೆದ್ದವು. ಮುಂದಿನ ಸಾಲಿನ ಹುಡುಗಿ ಕೇಳಿದಳು:

“ಸರ್, ನಾವು ಕೆಳಗೆ ಹೋಗ್ಬೇಕಲ್ವಾ?”

“ಏನೂ ಆಗಿಲ್ಲಮ್ಮ, ಕೂತ್ಕೊಂಡು ಬರಿ. ಟೈಮ್ ಹೋಗುತ್ತೆ.”

ಕಾವಲುಗಾರನನ್ನು ಕರೆದು ಅದನ್ನು ನಿಲ್ಲಿಸುವಂತೆ ಹೇಳಿದೆ. “ಅದು ಆಗಾಗ ಹೊಡ್ಕೊಳ್ಳುತ್ತೆ ಸಾರ್” ಎನ್ನುತ್ತಾ ಅವನು ಹೋಗಿ ಗುಂಡಿ ಒತ್ತಿದ. ಸದ್ದು ನಿಂತಿತು, ಪರೀಕ್ಷೆ ಮುಂದುವರಿಯಿತು. ಮುಗಿದ ಮೇಲೆ ಕೆಳಗಿಳಿದಾಗ ವಿಷಯ ತಿಳಿಯಿತು. ಮೊದಲ ಮಹಡಿಯ ತಿಂಡಿ ಅಂಗಡಿಯ ಅಡುಗೆಮನೆಯಲ್ಲಿ ಎಣ್ಣೆಯ ಬಾಣಲೆಗೆ ಬೆಂಕಿ ಹತ್ತಿಕೊಂಡಿತ್ತು. ಕೆಲಸದ ಹುಡುಗನೊಬ್ಬ ಸಮಯಪ್ರಜ್ಞೆಯಿಂದ ಒಲೆ ಆರಿಸಿ, ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಿಬಿಟ್ಟಿದ್ದ. ಗೋಡೆಯೆಲ್ಲ ಮಸಿ. ನಮ್ಮ ಹಾಲಿಗೆ ಇದ್ದ ಒಂದೇ ಒಂದು ಮೆಟ್ಟಿಲು ಆ ಅಡುಗೆಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು!

ಯಂತ್ರ ಸುಳ್ಳು ಹೇಳಿರಲಿಲ್ಲ. ಹುಡುಗಿಯೂ ಸರಿಯಾಗಿಯೇ ಕೇಳಿದ್ದಳು. ತಪ್ಪು ಉತ್ತರ ಬರೆದವನು ಮೇಷ್ಟ್ರು.

ಗಂಟೆ ಕೊಡುವುದು ನೀರಲ್ಲ, ಸಮಯ

ಬೆಂಕಿ ಎಚ್ಚರಿಕೆ ವ್ಯವಸ್ಥೆ ಬೆಂಕಿಯನ್ನು ಆರಿಸುವುದಿಲ್ಲ. ಅದು ಕೊಡುವುದು ಕೆಲವು ನಿಮಿಷಗಳ ಸಮಯವನ್ನು ಮಾತ್ರ. ಆ ನಿಮಿಷಗಳು ಏಕೆ ಮುಖ್ಯ ಎಂದರೆ, ಬೆಂಕಿಯ ಅನಾಹುತಗಳಲ್ಲಿ ಅನೇಕರನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. ಸರಿಯಾಗಿ ಉರಿಯದ ವಸ್ತುವಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿರುವವನಿಗೆ ಉಸಿರು ಸಾಲದಾಗುತ್ತದೆ. ಮಂಪರು ಕವಿಯುತ್ತದೆ, ಕಾಲು ಏಳುವುದಿಲ್ಲ. ನಿದ್ದೆಯಲ್ಲಿರುವವನನ್ನಂತೂ ಹೊಗೆಯ ವಾಸನೆ ಎಬ್ಬಿಸುತ್ತದೆಂದು ನಂಬುವಂತಿಲ್ಲ.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ನಡೆದದ್ದು ಇದೇ. ಕೆಳಗಿನ ವಾಹನ ನಿಲುಗಡೆಯ ಜಾಗದಲ್ಲಿದ್ದ ಟ್ರಾನ್ಸ್‌ಫಾರ್ಮರ್‌ನಿಂದ ಹೊತ್ತಿದ ಬೆಂಕಿಯ ಹೊಗೆ ಬಾಲ್ಕನಿಗೆ ಏರಿತು. ಸಿನಿಮಾ ನೋಡುತ್ತಿದ್ದವರಿಗೆ ಎದ್ದು ಹೊರಡಿ ಎಂದು ಹೇಳುವ ಧ್ವನಿವರ್ಧಕ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ, ಹೊರಹೋಗುವ ದಾರಿಗೆ ಅಡ್ಡಿಗಳಿದ್ದವು. 59 ಜನ ಸತ್ತರು. ಬೆಂಕಿ ಕೆಳಗೇ ಇತ್ತು, ಸಾವು ಮೇಲೆ ಬಂತು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಪ್ರಾಣ ಬಿಟ್ಟಾಗಲೂ ಮೇಲಿನ ಮಹಡಿಗಳಿಗೆ ಮೊದಲು ತಲುಪಿದ್ದು ಹೊಗೆಯೇ. ತಡೆಯಲಾಗದೆ ಕಿಟಕಿಗಳಿಂದ ಜಿಗಿದವರನ್ನು ಊರೇ ನೋಡಿತು.

ಮೂಗಿಲ್ಲದ ಯಂತ್ರ ಮೂಸುವ ಬಗೆ

ಈಗ ಯಂತ್ರದ ವಿಷಯಕ್ಕೆ ಬರೋಣ. ಅಂಗಡಿ, ಆಫೀಸು, ಆಸ್ಪತ್ರೆಗಳ ಛಾವಣಿಯಲ್ಲಿ ಬೋಗುಣಿ ಮಗುಚಿದಂತೆ ಬಿಳಿಯ ಬಿಲ್ಲೆಗಳನ್ನು ನೀವು ನೋಡಿರುತ್ತೀರಿ. ಅವೇ ಡಿಟೆಕ್ಟರ್‌ಗಳು. ಅವುಗಳಲ್ಲಿ ಒಂದು ಬಗೆಯದರ ಗುಟ್ಟನ್ನು ಮನೆಯಲ್ಲೇ ನೋಡಬಹುದು. ರಾತ್ರಿ ದೀಪ ಆರಿಸಿ, ಕೋಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಟಾರ್ಚ್ ಹಾಯಿಸಿ. ಪಕ್ಕದಲ್ಲಿ ನಿಂತವರಿಗೆ ಬೆಳಕಿನ ಕೋಲು ಕಾಣುವುದಿಲ್ಲ. ಈಗ ಅಪ್ಪನೋ ಅಮ್ಮನೋ ಒಂದು ಊದುಬತ್ತಿ ಹಚ್ಚಿ ಅದರ ಹೊಗೆಯನ್ನು ಬೆಳಕಿನ ದಾರಿಗೆ ಹಿಡಿಯಲಿ. ಕೋಲು ಥಟ್ಟನೆ ಕಾಣಿಸುತ್ತದೆ. ಹೊಗೆಯ ಕಣಗಳು ಬೆಳಕನ್ನು ಪಕ್ಕಕ್ಕೆ ಚದುರಿಸುತ್ತವೆ. ಪಠ್ಯಪುಸ್ತಕದಲ್ಲಿ ಓದಿದ ಟಿಂಡಾಲ್ ಪರಿಣಾಮ ಇದೇ ತಾನೆ! ಡಿಟೆಕ್ಟರ್‌ನ ಒಳಗಿನ ಕತ್ತಲೆ ಗೂಡಿನಲ್ಲಿ ಒಂದು ಪುಟ್ಟ ಅವಕೆಂಪು ದೀಪವಿದೆ. ಅದರ ಬೆಳಕು ನೇರವಾಗಿ ಬೀಳದಂತೆ ಓರೆಯಾಗಿ ಒಂದು ಫೋಟೋಡಯೋಡ್ ಕೂತಿದೆ. ಹೊಗೆ ಒಳಗೆ ಬಂದರೆ ಬೆಳಕು ಚದುರಿ ಅದರ ಮೇಲೆ ಬೀಳುತ್ತದೆ, ವಿದ್ಯುತ್ ಹುಟ್ಟುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಬಗೆಯದು.

ಇನ್ನೊಂದು ಬಗೆಯ ಹಿಂದೆ ಒಂದು ಕಥೆಯೇ ಇದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಪತ್ತೆಹಚ್ಚುವ ಉಪಕರಣ ಮಾಡಹೊರಟಿದ್ದರು. ಗಾಳಿಯ ಅಣುಗಳನ್ನು ಅಯಾನುಗಳಾಗಿಸಿ ಅದರಲ್ಲಿ ಅತ್ಯಲ್ಪ ವಿದ್ಯುತ್ತು ಹರಿಯುವಂತೆ ಮಾಡಿದರು. ವಿಷಾನಿಲಕ್ಕೆ ಉಪಕರಣದ ಮುಳ್ಳು ಕದಲಲಿಲ್ಲ. ಬೇಸರದಿಂದ ಸಿಗರೇಟು ಹಚ್ಚಿದರಂತೆ, ಮುಳ್ಳು ಕೆಳಗಿಳಿಯಿತು! ಹೊಗೆಯ ಕಣಗಳು ಅಯಾನುಗಳಿಗೆ ಅಂಟಿ ವಿದ್ಯುತ್ತನ್ನು ತಗ್ಗಿಸಿದ್ದವು. ಸಿಗರೇಟಿನಿಂದ ಲೋಕಕ್ಕೆ ಒಳ್ಳೆಯದಾದದ್ದು ಇದೊಂದೇ ಇರಬೇಕು. ಮುಂದೆ ಬಂದ ಇಂಥ ಡಿಟೆಕ್ಟರ್‌ಗಳಲ್ಲಿ ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತುವಿನ ಚೂರು ಈ ಕೆಲಸ ಮಾಡುತ್ತದೆ. ಅದರ ಆಲ್ಫಾ ಕಣಗಳನ್ನು ಒಂದು ಕಾಗದದ ಹಾಳೆಯೇ ತಡೆಯಬಲ್ಲದು. ಧಗ್ಗನೆ ಉರಿಯುವ ಬೆಂಕಿಯನ್ನು ಈ ಬಗೆ ಬೇಗ ಹಿಡಿಯುತ್ತದೆ. ಸೋಫಾದ ಒಳಗಿನ ಸ್ಪಂಜಿನಂತೆ ಒಳಗೊಳಗೇ ಹೊಗೆಯಾಡುವ ಬೆಂಕಿಗೆ ಬೆಳಕಿನ ಬಗೆ ಮೇಲು.

ಮೂರನೆಯದು ಶಾಖದ ಡಿಟೆಕ್ಟರ್. ಸುತ್ತಲಿನ ಉಷ್ಣತೆ ಗೊತ್ತುಪಡಿಸಿದ ಮಟ್ಟಕ್ಕೇರಿದರೆ, ಸಾಮಾನ್ಯವಾಗಿ 57 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಅದು ಕೂಗುತ್ತದೆ. ಉಷ್ಣತೆ ಏರುವ ವೇಗವನ್ನು ಲೆಕ್ಕ ಹಾಕುವಂಥವೂ ಇವೆ. ಒಗ್ಗರಣೆಯ ಹೊಗೆ ಏಳುವ ಅಡುಗೆಮನೆಗೆ ಸಲ್ಲುವುದು ಶಾಖದ ಡಿಟೆಕ್ಟರ್ರೇ ಹೊರತು ಹೊಗೆಯದಲ್ಲ. ತಪ್ಪು ಜಾಗದಲ್ಲಿ ತಪ್ಪು ಬಗೆಯದನ್ನು ಕೂರಿಸಿ, ಆಮೇಲೆ “ಅದು ಆಗಾಗ ಹೊಡ್ಕೊಳ್ಳುತ್ತೆ” ಎಂದು ಅದನ್ನೇ ದೂರುವುದು ನಮ್ಮ ರೂಢಿ.

ಓಮ್‌ನ ನಿಯಮದ ಕಾವಲು

ಡಿಟೆಕ್ಟರ್‌ಗಳಿಂದ ಹೊರಟ ತಂತಿಗಳು ಕಾವಲುಗಾರನ ಕೋಣೆಯಲ್ಲಿರುವ ಪ್ಯಾನೆಲ್‌ಗೆ ಸೇರುತ್ತವೆ. ಇಲ್ಲೊಂದು ಪ್ರಶ್ನೆ. ಎಲ್ಲೋ ಇಲಿ ತಂತಿ ಕಡಿದಿದ್ದರೆ ಪ್ಯಾನೆಲ್‌ಗೆ ತಿಳಿಯುವುದು ಹೇಗೆ? ಬೆಂಕಿಯಿಲ್ಲ ಎಂಬ ಮೌನಕ್ಕೂ ತಂತಿಯಿಲ್ಲ ಎಂಬ ಮೌನಕ್ಕೂ ವ್ಯತ್ಯಾಸ ಬೇಕಲ್ಲ?

ಉಪಾಯ ಸರಳ. ತಂತಿಯ ಕಟ್ಟಕಡೆಗೆ ಒಂದು ರೋಧಕವನ್ನು ಜೋಡಿಸುತ್ತಾರೆ. ಅದು 4,700 ಓಮ್ ಇದ್ದು, ಪ್ಯಾನೆಲ್ 24 ವೋಲ್ಟ್ ಕೊಡುತ್ತಿದೆ ಎನ್ನೋಣ. ಭಾಗಿಸಿ ನೋಡಿ, ಸುಮಾರು 5 ಮಿಲಿಆಂಪಿಯರ್ ಸದಾ ಹರಿಯುತ್ತಿರುತ್ತದೆ. ಇದು “ಎಲ್ಲ ಕ್ಷೇಮ” ಎಂಬ ಸುದ್ದಿ. ತಂತಿ ತುಂಡಾದರೆ ಪ್ರವಾಹ ಸೊನ್ನೆಯಾಗುತ್ತದೆ, ಪ್ಯಾನೆಲ್ ಹಳದಿ ದೀಪ ಹಚ್ಚಿ ದೋಷವಿದೆ ಎನ್ನುತ್ತದೆ. ಹೊಗೆ ಕಂಡ ಡಿಟೆಕ್ಟರ್ ತನ್ನ ಮೂಲಕ 470 ಓಮ್‌ನ ಇನ್ನೊಂದು ದಾರಿ ತೆರೆಯಿತೆನ್ನಿ, ಪ್ರವಾಹ 50 ಮಿಲಿಆಂಪಿಯರ್ ದಾಟುತ್ತದೆ. ಕೆಂಪು ದೀಪ ಹತ್ತಿ ಗಂಟೆ ಬಾರಿಸುತ್ತದೆ. ಪರೀಕ್ಷೆಗೆಂದು ಉರುಹೊಡೆದ ಓಮ್‌ನ ನಿಯಮ ಹಗಲೂ ರಾತ್ರಿ ಒಂದು ಕಟ್ಟಡವನ್ನು ಕಾಯುತ್ತಿರುತ್ತದೆ!

ಕರೆಂಟು ಹೋದಾಗ ಬೇಕೆಂದು ಪ್ಯಾನೆಲ್‌ಗೆ ಬ್ಯಾಟರಿಗಳಿರುತ್ತವೆ. ಗೋಡೆಯ ಮೇಲೆ ಗಾಜು ಒಡೆದು ಒತ್ತುವ ಕೆಂಪು ಪೆಟ್ಟಿಗೆಗಳಿರುತ್ತವೆ, ಯಂತ್ರಕ್ಕಿಂತ ಮೊದಲು ಬೆಂಕಿ ಕಂಡ ಮನುಷ್ಯರಿಗಾಗಿ. ದೊಡ್ಡ ಕಟ್ಟಡಗಳಲ್ಲಿ ಪ್ಯಾನೆಲ್ ಲಿಫ್ಟನ್ನು ಕೆಳಗಿಳಿಸುತ್ತದೆ, ಹೊಗೆ ಹರಡದಂತೆ ಹವಾನಿಯಂತ್ರಣದ ಫ್ಯಾನುಗಳನ್ನು ನಿಲ್ಲಿಸುತ್ತದೆ. ಇದನ್ನೆಲ್ಲ ಹೇಗೆ ಅಳವಡಿಸಬೇಕು, ಹೇಗೆ ಪರೀಕ್ಷಿಸುತ್ತಿರಬೇಕು ಎಂದು ಹೇಳಲು ಭಾರತೀಯ ಮಾನಕ ಬ್ಯೂರೋದ ಐಎಸ್ 2189 ಎಂಬ ಸಂಹಿತೆ ಇದೆ.

ಕೊನೆಯ ತಂತಿ ಮನುಷ್ಯ

ಹಳೆಯ ಮಾದರಿಯ ಪ್ಯಾನೆಲ್ ಯಾವ ವಿಭಾಗದಲ್ಲಿ ಬೆಂಕಿ ಎಂದಷ್ಟೇ ಹೇಳುತ್ತದೆ. ಹೊಸತರಲ್ಲಿ ಪ್ರತಿ ಡಿಟೆಕ್ಟರ್‌ಗೂ ಮನೆ ನಂಬರಿನಂತೆ ಒಂದು ವಿಳಾಸವಿದ್ದು, ಎಲ್ಲಿಂದ ಸುದ್ದಿ ಬಂತೆಂದು ತೆರೆಯ ಮೇಲೆ ಮೂಡುತ್ತದೆ. ಅಷ್ಟಾದರೂ ಸಾಲದು ಎಂಬುದಕ್ಕೆ ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚಿನ ಉದಾಹರಣೆಯಿದೆ. 2019ರ ಏಪ್ರಿಲ್ 15ರ ಸಂಜೆ ಅಲ್ಲಿನ ವ್ಯವಸ್ಥೆ ಹೊಗೆಯನ್ನು ಹಿಡಿಯಿತು, ಗಂಟೆಯೂ ಬಾರಿಸಿತು. ಆದರೆ ಸಂದೇಶವನ್ನು ತಪ್ಪಾಗಿ ತಿಳಿದ ಕಾರಣ ನೋಡಲು ಹೋದವರು ಬೇರೆಯೇ ಜಾಗಕ್ಕೆ ಹೋಗಿ, ಅಲ್ಲಿ ಬೆಂಕಿಯಿಲ್ಲವೆಂದು ಕಂಡರು. ಸರಿಯಾದ ಜಾಗ ತಿಳಿದು ಅಗ್ನಿಶಾಮಕ ದಳಕ್ಕೆ ಕರೆ ಹೋಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಶತಮಾನಗಳಷ್ಟು ಹಳೆಯದಾದ ಮರದ ಛಾವಣಿ ಸುಟ್ಟುಹೋಯಿತು. ಚರ್ಚು ಮತ್ತೆ ತೆರೆದದ್ದು 2024ರ ಡಿಸೆಂಬರಿನಲ್ಲಿ. ಯಂತ್ರ ಗೆದ್ದಿತ್ತು, ಮನುಷ್ಯ ಸೋತಿದ್ದ. ನನ್ನ ಪರೀಕ್ಷಾ ಹಾಲಿನಲ್ಲಿ ಆದದ್ದೂ ಇದೇ. ಅಲ್ಲಿ ಸಂದೇಶವನ್ನು ತಪ್ಪಾಗಿ ಓದಿದರು, ನಾನು ಓದಲೇ ಇಲ್ಲ.

ನಮ್ಮಲ್ಲಿ ಇನ್ನೊಂದು ಅಭ್ಯಾಸ. ಆಯುಧಪೂಜೆಯ ದಿನ ಧೂಪದ ಹೊಗೆಗೆ ಗಂಟೆ ಬಾರಿಸಬಾರದೆಂದು ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಬಣ್ಣ ಬಳಿಯುವಾಗಲೂ ಕಟ್ಟುತ್ತಾರೆ. ಕಟ್ಟಿದ್ದು ತಪ್ಪಲ್ಲ. ಸಂಜೆ ಬಿಚ್ಚಲು ಮರೆಯುವುದು ತಪ್ಪು. ಚೀಲ ಕಟ್ಟಿದ ಡಿಟೆಕ್ಟರ್ ಇರುವ ಕಟ್ಟಡಕ್ಕಿಂತ ಡಿಟೆಕ್ಟರ್ ಇಲ್ಲದ ಕಟ್ಟಡವೇ ವಾಸಿ. ಅಲ್ಲಿ ಕಡೇಪಕ್ಷ ಸುಳ್ಳು ಧೈರ್ಯ ಇರುವುದಿಲ್ಲ.

ಪಾಲಕರೇ, ಈಗ ನಿಮಗೊಂದು ಮಾತು. ಸೂರತ್ತಿನ ತಕ್ಷಶಿಲಾ ಸಂಕೀರ್ಣದಲ್ಲಿ 2019ರ ಮೇ 24ರಂದು ಬೆಂಕಿ ಬಿದ್ದಾಗ ಮೇಲಂತಸ್ತಿನಲ್ಲಿ ಕೋಚಿಂಗ್ ತರಗತಿ ನಡೆಯುತ್ತಿತ್ತು. 22 ಜನ ಸತ್ತರು, ಬಹುತೇಕರು ವಿದ್ಯಾರ್ಥಿಗಳು. ಕೋಚಿಂಗಿಗೆ ಸೇರಿಸುವಾಗ ನಾವು ಫೀಸು ಎಷ್ಟು, ಹೋದ ವರ್ಷ ಎಷ್ಟು ರ‍್ಯಾಂಕು ಎಂದು ಕೇಳುತ್ತೇವೆ. ಇನ್ನು ಮೇಲೆ ಇವನ್ನೂ ಕೇಳಿ. ಎರಡನೆಯ ಮೆಟ್ಟಿಲು ಎಲ್ಲಿದೆ? ಅದರ ಬಾಗಿಲಿಗೆ ಬೀಗವಿದೆಯೆ, ಮೆಟ್ಟಿಲ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆಯೆ? ಎಚ್ಚರಿಕೆ ಗಂಟೆಯನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಪ್ಯಾನೆಲ್‌ನಲ್ಲಿ ಹಳದಿ ದೀಪ ಉರಿಯುತ್ತಿದೆಯೆ? ಕೇಳಿದರೆ ಅವರು ನಗಬಹುದು. ನಗಲಿ. ಹತ್ತು ಜನ ಕೇಳಿದರೆ ನಗು ನಿಂತು ಬೀಗ ತೆಗೆಯುತ್ತಾರೆ.

ಮಕ್ಕಳೇ, ನೀವು ಮಾಡಬೇಕಾದದ್ದು ಇನ್ನೂ ಸುಲಭ. ಗಂಟೆ ಬಾರಿಸಿದರೆ ಏಳಿ. ಪುಸ್ತಕ, ಚೀಲ, ಮೊಬೈಲು ಹುಡುಕಬೇಡಿ. ಲಿಫ್ಟಿನ ಕಡೆ ಹೋಗಬೇಡಿ. ಹೊಗೆ ಇದ್ದರೆ ಬಗ್ಗಿಕೊಂಡು ನಡೆಯಿರಿ, ಬಿಸಿ ಹೊಗೆ ಮೇಲಿರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಇರುತ್ತದೆ. ಹೊರಗೆ ಬಂದ ಮೇಲೆ 101 ಅಥವಾ 112ಕ್ಕೆ ಫೋನ್ ಮಾಡಿ. ಏನೂ ಆಗಿಲ್ಲವೆಂದು ತಿಳಿದರೆ ಹತ್ತು ನಿಮಿಷ ಹೋಯಿತು, ಅಷ್ಟೇ. ಉತ್ತರಪತ್ರಿಕೆ ಬರೆಯಲು ಆ ಹತ್ತು ನಿಮಿಷವನ್ನು ಯಾವ ಮೇಷ್ಟ್ರೂ ಮತ್ತೆ ಕೊಡಬಲ್ಲರು.

ಮರುದಿನ ತರಗತಿಯಲ್ಲಿ ಆ ಹುಡುಗಿಯನ್ನು ಎಬ್ಬಿಸಿ ಎಲ್ಲರೆದುರು ಹೇಳಿದೆ: “ನಿನ್ನೆ ನೀನು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು.” ಅವಳು ತಲೆ ತಗ್ಗಿಸಿ, “ನಾನು ಎದ್ದೇಬಿಟ್ಟಿದ್ದೆ ಸರ್, ನೀವು ಕೂತ್ಕೋ ಅಂದ್ರಿ ಅಂತ ಕೂತೆ” ಎಂದಳು. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ನನ್ನ ಮಾತನ್ನು ಒಬ್ಬ ವಿದ್ಯಾರ್ಥಿನಿ ಕೇಳಿದಳಲ್ಲಾ ಎಂದು ನಾನು ಹೆದರಿದ್ದು ಅದೊಂದೇ ಸಲ. ಅಂದಿನಿಂದ ಯಾವ ಹೊಸ ಹಾಲಿಗೆ ಹೋದರೂ ಪ್ರಶ್ನೆಪತ್ರಿಕೆ ಹಂಚುವ ಮೊದಲು ಎರಡು ನಿಮಿಷ ತೆಗೆದುಕೊಂಡು ಮೆಟ್ಟಿಲು ಎಲ್ಲಿದೆ ಎಂದು ತೋರಿಸುತ್ತೇನೆ. ಗಂಟೆ ಬಾರಿಸಿದರೆ ನನ್ನನ್ನು ಕೇಳಬೇಡಿ ಎಂದೂ ಹೇಳುತ್ತೇನೆ.