ಒಂದೇ ಕಣ್ಣಿನ ಕ್ಯಾಮೆರಾ

ಆ ಭಾನುವಾರ ತಂಗಿಯ ಮಗಳು ಮನೆಗೆ ಬಂದಾಗ ಅವಳ ಕೈಯಲ್ಲಿ ಮಡಚಿದ ಕಾಗದವೊಂದಿತ್ತು. "ಖಾಲಾ, ನೀವಾದರೂ ಒಮ್ಮೆ ನೋಡಿ. ಅಮ್ಮಿ ಮಾತೇ ಕೇಳಿಸಿಕೊಳ್ಳುತ್ತಿಲ್ಲ" ಎಂದಳು. ಬಿಡಿಸಿ ನೋಡಿದರೆ ಒಂದು ಕ್ಯಾಮೆರಾದ ಚಿತ್ರ, ಅದರ ಕೆಳಗೆ ಬೆಲೆ. ಹೆಚ್ಚು ಕಡಿಮೆ 1 ಲಕ್ಷ 60 ಸಾವಿರ ರೂಪಾಯಿ! ಕೋಟಿನ ಜೇಬಿನಲ್ಲಿ ಹಿಡಿಯುವಂಥ ವಸ್ತು. ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಸೊನ್ನೆಗಳು ಸರಿಯಾಗಿಯೇ ಇದ್ದವು.

ಹುಡುಗಿ ಕೆಲಸ ಮಾಡುವುದು ವೇಮಗಲ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಮೂರು ವರ್ಷ ಪಾಳಿ ದುಡಿದು 95 ಸಾವಿರ ಕೂಡಿಟ್ಟಿದ್ದಾಳೆ. ತಂಗಿಗೆ ಅದು ಮಗಳ ಶಾದಿಯ ಚಿನ್ನ. ಮಗಳಿಗೆ ಅದು ಕಾರ್ಖಾನೆಯಿಂದ ಹೊರಬರುವ ದಾರಿ. ನಮ್ಮ ಮದುವೆಗಳಲ್ಲಿ ಹೆಂಗಸರ ಕಡೆ ಫೋಟೋ ತೆಗೆಯುವವರು ಯಾರು ಹೇಳಿ? ಗಂಡಸು ಫೋಟೋಗ್ರಾಫರ್ ಒಳಗೆ ಬಂದರೆ ಅರ್ಧ ಜನ ಎದ್ದು ಆಚೆ ಹೋಗುತ್ತಾರೆ, ಉಳಿದರ್ಧ ಜನ ಸೆರಗು ಎಳೆದುಕೊಂಡು ಕೂರುತ್ತಾರೆ. ಮೆಹಂದಿಯ ದಿನ, ದುಲ್ಹನ್‌ಳ ಸಿಂಗಾರದ ಕೋಣೆ, ರುಖ್ಸತಿಯ ಹೊತ್ತು ಇವೆಲ್ಲ ಯಾರದೋ ಫೋನಿನಲ್ಲಿ ಅಲುಗಾಡಿದ ಚಿತ್ರಗಳಾಗಿ ಉಳಿಯುತ್ತವೆ. ಈ ಕೆಲಸ ತಾನು ಮಾಡಬಲ್ಲೆ ಎಂಬುದು ಅವಳ ಲೆಕ್ಕ. ಲೆಕ್ಕ ತಪ್ಪೆಂದು ನನಗೂ ಅನ್ನಿಸಲಿಲ್ಲ. ಪ್ರಶ್ನೆ ಇದ್ದದ್ದು ಕ್ಯಾಮೆರಾದ್ದು ಮಾತ್ರ.

ಅವಳು ಮನಸ್ಸಿಟ್ಟಿದ್ದು ಫ್ಯೂಜಿಫಿಲ್ಮ್ ಎಕ್ಸ್100-6 ಎಂಬುದರ ಮೇಲೆ. 2024ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಜಗತ್ತಿನಾದ್ಯಂತ ಜನ ಮುಗಿಬಿದ್ದು, ಮುಂಗಡ ಕೊಟ್ಟವರೂ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಳೆಯ ಕಾಲದ ಕ್ಯಾಮೆರಾದಂತೆ ಬೆಳ್ಳಿ ಬಣ್ಣ, ಮೇಲೆ ತಿರುಗಿಸುವ ಗುಂಡಿಗಳು. ನೋಡಿದರೆ ಆಸೆಯಾಗದಿರುವುದೇ ಕಷ್ಟ.

ವಿಚಿತ್ರವೆಂದರೆ ಸಣ್ಣ ಕ್ಯಾಮೆರಾಗಳ ಕಾಲ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. 2010ರಲ್ಲಿ ಜಪಾನಿನ ಕಂಪನಿಗಳು ಲೆನ್ಸ್ ಬಿಚ್ಚಲಾಗದ ಇಂಥ ಕ್ಯಾಮೆರಾಗಳನ್ನು 10 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಕಳುಹಿಸಿದ್ದವು. 2023ರಲ್ಲಿ ಅದು 20 ಲಕ್ಷಕ್ಕಿಂತ ಕೆಳಗಿಳಿದಿತ್ತು. ನುಂಗಿದ್ದು ಫೋನು. ಆ ಫೋನುಗಳಲ್ಲಿ ದುಬಾರಿಯಾದ ಐಫೋನ್ ನಮ್ಮ ಪಕ್ಕದ ನರಸಾಪುರದಲ್ಲೇ ಜೋಡಣೆಯಾಗುತ್ತದೆ. ಮೊದಲು ವಿಸ್ಟ್ರಾನ್, 2023ರಿಂದ ಟಾಟಾ. ನಮ್ಮ ಸುತ್ತಲಿನ ಹೆಣ್ಣುಮಕ್ಕಳು ಬಸ್ಸು ಹತ್ತಿ ಹೋಗಿ ಜೋಡಿಸುವ ಫೋನು ಕ್ಯಾಮೆರಾವನ್ನು ಮೂಲೆಗೆ ತಳ್ಳಿತು, ಈಗ ಅದೇ ಊರುಗಳ ಹುಡುಗಿ ಕ್ಯಾಮೆರಾ ಬೇಕೆನ್ನುತ್ತಿದ್ದಾಳೆ!

"ಫೋನ್ ಇದೆಯಲ್ಲ, ಅದು ಸಾಲದೇ?" ಎಂದು ತಂಗಿ ಕೇಳಿದ್ದು ಸಹಜವೇ. ಸಾಲದು. ಈ ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ದುಬಾರಿ ಫೋನಿನದಕ್ಕಿಂತ ಹಲವು ಪಟ್ಟು ದೊಡ್ಡದು. ಶಾದಿ ಮಹಲ್‌ನ ಟ್ಯೂಬ್‌ಲೈಟಿನಡಿ ಮುಖದ ಬಣ್ಣ ಕೆಡದೆ ಬರುವುದು ಅದರಿಂದ. ಇನ್ನೂ ದೊಡ್ಡ ಕಾರಣ ಬೇರೆಯಿದೆ. ಫೋನಿನಲ್ಲಿ ತೆಗೆದ ಚಿತ್ರ ಆ ಕೋಣೆಯಿಂದ ಹೊರಗೆ ಹೋಗಲು ಒಂದು ನಿಮಿಷ ಸಾಕು. ಯಾರದೋ ವಾಟ್ಸಪ್ ಗುಂಪು, ಅಲ್ಲಿಂದ ಇನ್ನೊಂದು. ಎಷ್ಟೋ ಫೋನುಗಳು ತಮ್ಮಷ್ಟಕ್ಕೆ ತಾವೇ ಚಿತ್ರಗಳನ್ನು ಕಂಪನಿಯ ಖಾತೆಗೆ ಏರಿಸಿಬಿಡುತ್ತವೆ. ಕ್ಯಾಮೆರಾದ ಚಿತ್ರ ಉಗುರಿನಗಲದ ಕಾರ್ಡಿನಲ್ಲಿ ಕೂತಿರುತ್ತದೆ. ಈ ಕ್ಯಾಮೆರಾಕ್ಕೂ ವೈಫೈ ಇದೆ, ಆದರೆ ನಾವಾಗಿ ಜೋಡಿಸದ ಹೊರತು ಯಾವ ಚಿತ್ರವೂ ಹೊರಗೆ ಹೋಗದು. ತಲೆಯ ಮೇಲೆ ಏನೂ ಇಲ್ಲದೆ ನಗುತ್ತಾ ಕೂತ ಹೆಣ್ಣುಮಕ್ಕಳ ಚಿತ್ರ ಯಾರ ಕೈಯಲ್ಲಿರಬೇಕು ಎಂಬುದು ನಮ್ಮ ಮನೆಗಳಲ್ಲಿ ಸಣ್ಣ ಮಾತಲ್ಲ.

ಇಷ್ಟಾದ ಮೇಲೂ ನಾನು "ತಗೋ" ಎನ್ನಲಿಲ್ಲ. "ಕೊಡುವ ಮೊದಲು ಒಂದು ದಿನ ಬಾಡಿಗೆಗೆ ತಂದು ನೋಡು" ಎಂದೆ. ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಅವಳು ಹೋದ ಕಡೆ ಇದು ಖಾಲಿಯಿರಲಿಲ್ಲ, ಬೇರೆ ಕಂಪನಿಯ ಅದೇ ಜಾತಿಯದನ್ನು ಕೊಟ್ಟರು. ಲೆನ್ಸ್ ಬಿಚ್ಚಲಾಗದು, ನೋಟದ ಅಗಲವೂ ಅದೇ. ನಮ್ಮ ಚಾಚಾನ ಮೊಮ್ಮಗಳ ಮದುವೆ ಇತ್ತು, ಪರೀಕ್ಷೆ ಅಲ್ಲೇ ನಡೆಯಿತು.

ಮೆಹಂದಿ ಹಚ್ಚಿದ ಕೈಯ ಚಿತ್ರಗಳು ಎಷ್ಟು ಚೆನ್ನಾಗಿ ಬಂದವೆಂದರೆ ನಾನೇ ಎರಡು ಪ್ರತಿ ಕೇಳಿದೆ. ತೊಂದರೆ ಶುರುವಾದದ್ದು ಎಲ್ಲರೂ ಒಟ್ಟಿಗೆ ನಿಂತಾಗ. 26 ಜನ ಹೆಂಗಸರು, ಮಕ್ಕಳು ಬೇರೆ. ಎಲ್ಲರೂ ಚಿತ್ರದಲ್ಲಿ ಬರಬೇಕಾದರೆ ಅವಳು ಹಿಂದೆ ಸರಿಯಬೇಕು, ಹಿಂದೆ ಗೋಡೆ! ಕೊನೆಗೆ ಬಾಗಿಲಾಚೆ ಓಣಿಗೆ ಇಳಿದು, ಬಾಗಿಲ ಚೌಕಟ್ಟನ್ನೂ ಸೇರಿಸಿ ತೆಗೆದಳು. ದೂರದಲ್ಲಿ ಕುರ್ಚಿಯ ಮೇಲಿದ್ದ ಮುದುಕಿ ನಾನಿಯನ್ನು ಹತ್ತಿರಕ್ಕೆ ಎಳೆಯೋಣವೆಂದರೆ ಜೂಮ್ ಇಲ್ಲ. ಮುಖದ ಬಳಿಗೇ ಹೋಗಿ ತೆಗೆದಳು. ಚಿತ್ರ ನೋಡಿದ ನಾನಿ, "ಇದೇನು ಬೇಟಿ, ನನ್ನ ಮೂಗು ಇಷ್ಟುದ್ದವೇ?" ಎಂದರು. ಮೂಗಿನ ತಪ್ಪಲ್ಲ. ಅಗಲವಾಗಿ ನೋಡುವ ಲೆನ್ಸನ್ನು ಮುಖಕ್ಕೆ ತೀರಾ ಹತ್ತಿರ ಒಯ್ದರೆ ಮುಂದಿರುವುದು ದೊಡ್ಡದಾಗಿ ಕಾಣುತ್ತದೆ.

ಆಸೆಪಟ್ಟ ಕ್ಯಾಮೆರಾದಲ್ಲೂ ಇದು ತಪ್ಪುವಂಥದ್ದಲ್ಲ. ಅದರ ಲೆನ್ಸೂ ಒಂದೇ ಕಣ್ಣಿನದು. 40 ಮೆಗಾಪಿಕ್ಸೆಲ್ ಇರುವುದರಿಂದ ಚಿತ್ರದ ನಡುಭಾಗವನ್ನು ಕತ್ತರಿಸಿ ಹತ್ತಿರ ಬಂದಂತೆ ತೋರಿಸುವ ಏರ್ಪಾಡಿದೆ. ಕತ್ತರಿಸಿದಷ್ಟೂ ವಿವರ ಕಮ್ಮಿ. ಹಿಂದೆ ಸರಿಯುವ ಕಡೆಗಂತೂ ಅದೂ ಇಲ್ಲ, ಬೇಕಿದ್ದರೆ ಪ್ರತ್ಯೇಕ ದುಡ್ಡು ಕೊಟ್ಟು ಲೆನ್ಸಿನ ಮುಂದೆ ಇನ್ನೊಂದು ಗಾಜು ತಿರುಗಿಸಬೇಕು.

ಬ್ಯಾಟರಿಯ ಮಾತು. ಬಾಡಿಗೆಯ ಕ್ಯಾಮೆರಾ ರುಖ್ಸತಿಗೆ ಇನ್ನರ್ಧ ಗಂಟೆ ಇರುವಾಗ ಕಣ್ಣು ಮುಚ್ಚಿತು. ಪುಣ್ಯಕ್ಕೆ ಅಂಗಡಿಯವರು ಇನ್ನೊಂದು ಬ್ಯಾಟರಿ ಕೊಟ್ಟಿದ್ದರು. ಎಕ್ಸ್100-6ರಲ್ಲಿ ಗಾಜಿನ ಕಿಂಡಿಯಲ್ಲಿ ನೋಡಿ ತೆಗೆದರೆ ಕಂಪನಿಯ ಲೆಕ್ಕದಲ್ಲೇ ಸುಮಾರು 450 ಚಿತ್ರ, ಎಲೆಕ್ಟ್ರಾನಿಕ್ ಕಿಂಡಿಯಲ್ಲಾದರೆ ಸುಮಾರು 310. ಪ್ರವಾಸಕ್ಕೆ ಹೋದವರಿಗೆ ಅದು ಧಾರಾಳ. ಮದುವೆಮನೆಯಲ್ಲಿ ಊಟಕ್ಕೆ ಮುಂಚೆಯೇ ಮುಗಿಯುತ್ತದೆ. ಎರಡು ಬ್ಯಾಟರಿಯ ದುಡ್ಡು ಬೆಲೆಗೆ ಸೇರಿಸಿಕೊಳ್ಳಿ.

ಧೂಳಿನದು ನಮ್ಮ ಸೀಮೆಗೆ ವಿಶೇಷ. ಲಾರಿ ಓಡಾಡುವ ರಸ್ತೆಗಳು, ಒಣ ಗಾಳಿ, ಒಕ್ಕಣೆಯ ದಿನಗಳಲ್ಲಂತೂ ಕೇಳುವುದೇ ಬೇಡ. ಈ ಕ್ಯಾಮೆರಾ ಧೂಳು, ಹನಿ ತಡೆಯಬೇಕಾದರೆ ಲೆನ್ಸಿನ ಮುಂದೆ ಒಂದು ಉಂಗುರ ಮತ್ತು ಗಾಜಿನ ಫಿಲ್ಟರ್ ಹಾಕಲೇಬೇಕು. ಲೆನ್ಸ್ ಬಿಚ್ಚುವ ಕ್ಯಾಮೆರಾದಲ್ಲಿ ಧೂಳು ಕೂತರೆ ಬಿಚ್ಚಿ ಊದಿ ತೆಗೆಯಬಹುದು. ಇದರೊಳಗೆ ಒಂದು ಕಣ ಹೊಕ್ಕಿತೆಂದರೆ ಕ್ಯಾಮೆರಾವನ್ನೇ ಬಿಚ್ಚಿಸಬೇಕು, ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಅದು ಅಲ್ಲಿ ಕೂತಿರುವ ದಿನಗಳಲ್ಲಿ ಒಪ್ಪಿಕೊಂಡ ಮದುವೆಯ ಗತಿಯೇನು?

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಇದರಲ್ಲಿ ಕಾರ್ಡಿಗೆ ಇರುವುದು ಒಂದೇ ಜಾಗ. ಕಾರ್ಡು ಕೆಟ್ಟರೆ ಮದುವೆಯೇ ಹೋಯಿತು. ನಮ್ಮ ಮನೆಯ ಚಿತ್ರವಾದರೆ ಅತ್ತು ಸುಮ್ಮನಾಗುತ್ತೇವೆ. ದುಡ್ಡು ಪಡೆದು ಬೇರೆಯವರ ಮಗಳ ಮದುವೆ ತೆಗೆದವಳು ಆ ತಾಯಿಯ ಮುಂದೆ ಹೋಗಿ ಏನೆಂದು ಹೇಳಬೇಕು? ಎರಡು ಕಾರ್ಡು ಹಾಕುವ ಕ್ಯಾಮೆರಾಗಳಲ್ಲಿ ಪ್ರತಿ ಚಿತ್ರವೂ ಎರಡರಲ್ಲೂ ಬರೆದುಕೊಳ್ಳುತ್ತದೆ. 2018ರಲ್ಲಿ ಬಂದ ಸೋನಿ ಎ7-3, ಫ್ಯೂಜಿಯದೇ ಎಕ್ಸ್-ಟಿ3 ಅಂಥವು. ಈಗ ಹಳೆಯ ಮಾಲಾಗಿ ಸಿಗುತ್ತವೆ, ಲೆನ್ಸೂ ಬದಲಾಯಿಸಬಹುದು. ನೋಡಲು ಅಷ್ಟು ಮುದ್ದಾಗಿಲ್ಲ, ನಿಜ.

ಸಾಲದ ವಿಷಯಕ್ಕೆ ಬರೋಣ. ಕಮ್ಮಿ ಬೀಳುವ 65 ಸಾವಿರಕ್ಕೆ ಅಂಗಡಿಯವನು "ಬಡ್ಡಿಯಿಲ್ಲದ ಕಂತು" ಎಂದಿದ್ದನಂತೆ. "ಬಡ್ಡಿ ಇಲ್ಲವಲ್ಲ ಖಾಲಾ, ನಮಗೇನು ತೊಂದರೆ?" ಎಂದಳು. ಸಹೋದರಿಯರೇ, ಈ ಮಾತನ್ನು ನೀವೂ ಕೇಳಿರುತ್ತೀರಿ. ಸಾಮಾನ್ಯವಾಗಿ ನಡೆಯುವುದು ಹೀಗೆ: ಕಾರ್ಡಿನ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಅಂಗಡಿಯವರೋ ಕಂಪನಿಯವರೋ ಬೆಲೆಯಲ್ಲಿ ರಿಯಾಯಿತಿಯಾಗಿ ತೋರಿಸುತ್ತಾರೆ. ತಿಂಗಳ ಬಿಲ್ಲಿನಲ್ಲಿ ಬಡ್ಡಿ ಎಂದೇ ಬರೆದಿರುತ್ತದೆ, ಅದರ ಮೇಲೆ 18 ಶೇಕಡಾ ಜಿ.ಎಸ್.ಟಿ. ನಮ್ಮ ತಲೆಗೇ. ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಬಡ್ಡಿಯಿಂದ ದೂರವಿರಬೇಕೆಂದು ಜೀವನವಿಡೀ ಎಚ್ಚರ ವಹಿಸಿದ ಮನೆಗೆ ಹೆಸರು ಬದಲಾಯಿಸಿಕೊಂಡು ಅದೇ ಬರುತ್ತದೆ. ಅವಳಿಗೆ ಇದು ಗೊತ್ತಿರಲಿಲ್ಲ. ಪಾಪ, ಮುಖ ಸಣ್ಣದಾಯಿತು.

ಆದರೆ ಆ ಮದುವೆಯ ಒಂದು ಚಿತ್ರದ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ರುಖ್ಸತಿಯ ಹೊತ್ತು, ದುಲ್ಹನ್ ಕಾರು ಹತ್ತಿದ ಮೇಲೆ ಎಲ್ಲರೂ ಬಾಗಿಲಿಗೆ ಓಡಿದರು. ತಾಯಿ ಮಾತ್ರ ಒಳಗೆ, ಮಗಳು ಬಿಟ್ಟುಹೋದ ಮನೆಯ ದುಪಟ್ಟಾ ಮಡಚುತ್ತಾ ನಿಂತಿದ್ದಳು. ಹುಡುಗಿ ನಾಲ್ಕು ಹೆಜ್ಜೆ ದೂರದಿಂದ ಅದನ್ನು ತೆಗೆದಿದ್ದಾಳೆ. ಕ್ಯಾಮೆರಾ ಸದ್ದು ಮಾಡಲಿಲ್ಲ, ಆ ತಾಯಿಗೆ ಗೊತ್ತೂ ಆಗಲಿಲ್ಲ. ದೊಡ್ಡ ಕ್ಯಾಮೆರಾ ಎತ್ತಿದ್ದರೆ ಅವಳು ಕಣ್ಣೊರೆಸಿಕೊಂಡು ನಕ್ಕುಬಿಡುತ್ತಿದ್ದಳು. ಸಣ್ಣ ಕ್ಯಾಮೆರಾಕ್ಕೆ ಜನ ಯಾಕೆ ಇಷ್ಟು ದುಡ್ಡು ಸುರಿಯುತ್ತಾರೆಂದು ನನಗೆ ಆಗ ಅರ್ಥವಾಯಿತು. ಆ ಚಿತ್ರವನ್ನು ಹುಡುಗಿ ಯಾರಿಗೂ ಕಳುಹಿಸಲಿಲ್ಲ. ಮೊದಲು ಆ ತಾಯಿಗೆ ತೋರಿಸಿ, ಇಟ್ಟುಕೊಳ್ಳಲೇ, ಅಳಿಸಲೇ ಎಂದು ಕೇಳಿದಳು. "ಇರಲಿ, ಆದರೆ ಆಲ್ಬಮ್ಮಿಗೆ ಬೇಡ, ನನ್ನ ಬಳಿ ಇರಲಿ" ಎಂದಳಂತೆ ಆಕೆ.

ಅಂದು ರಾತ್ರಿ ತಂಗಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಆಪಾ, ಸಾಲ ಬೇಡ. ಇವಳ ದುಡ್ಡಿನಲ್ಲಿ ಎಷ್ಟಕ್ಕೆ ಬರುತ್ತದೋ ಅಂಥದ್ದು ತೆಗೆದುಕೊಳ್ಳಲಿ. ಚಿನ್ನದ ಮಾತು ಆಮೇಲೆ" ಎಂದಳು. ನಾನು ಏನೂ ಹೇಳಲಿಲ್ಲ, ಹೇಳಿದರೆ ಮತ್ತೆ ಮನಸ್ಸು ಬದಲಾದೀತೆಂಬ ಭಯ!

ಈಗ ಹುಡುಗಿ ಎರಡು ಕಾರ್ಡಿನ ಹಳೆಯದೊಂದನ್ನು ಹುಡುಕುತ್ತಿದ್ದಾಳೆ. ಜೂಮ್ ಲೆನ್ಸ್ ಒಂದು, ಒಂದೇ ಕಣ್ಣಿನ ಚಿಕ್ಕ ಲೆನ್ಸ್ ಒಂದು, ಫ್ಲ್ಯಾಶ್ ಒಂದು. ಬೆಳ್ಳಿ ಬಣ್ಣದ್ದರ ಕಾಗದ ಇನ್ನೂ ಅವಳ ಬ್ಯಾಗಿನಲ್ಲಿದೆ, ನಾನು ನೋಡಿದ್ದೇನೆ. ಸೋಮವಾರ ರಜೆ ಹಾಕಿ ಬಾಡಿಗೆಯ ಕ್ಯಾಮೆರಾ ಹಿಂತಿರುಗಿಸಲು ಬಸ್ಸು ಹತ್ತಿದವಳಿಗೆ ಕಿಟಕಿಯ ಹೊರಗಿನಿಂದ ಕೂಗಿ ಕೇಳಿದೆ, "ಕಾರ್ಡು ತೆಗೆದೆಯಾ?" ಎಂದು. ಅವಳು ಮುಚ್ಚಿದ ಅಂಗೈಯನ್ನು ಎತ್ತಿ ತೋರಿಸಿದಳು.